ಮನೆಯ ಯಂತ್ರಶಾಲೆಯಲ್ಲಿ ದಂತಚಕ್ರ: ಉಪಕರಣಗಳ ಆಯ್ಕೆ

ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವು ಕ್ರಿ.ಶ. 1171ರಲ್ಲಿ ನಿರ್ಮಿತವಾದುದು. ಅಲ್ಲಿಯ ತಿರುಗಣೆ ಕಂಬಗಳನ್ನು ಕಂಡವರಿಗೆ, ಗಟ್ಟಿ ವಸ್ತುವನ್ನು ದುಂಡಾಗಿ ಕಡೆಯುವ ವಿದ್ಯೆ ಈ ನೆಲಕ್ಕೆ ಹೊಸತಲ್ಲವೆಂಬುದು ಮನದಟ್ಟಾಗುತ್ತದೆ. ಆದರೆ ದುಂಡಾದುದನ್ನು ಸಮಭಾಗಗಳಾಗಿ ವಿಂಗಡಿಸಿ, ಅದರ ಅಂಚಿನಲ್ಲಿ ಹಲ್ಲುಗಳನ್ನು ಕೊರೆಯುವುದು ಬೇರೆಯೇ ಒಂದು ವಿದ್ಯೆ. ಗೇರು ಎಂದು ರೂಢಿಯಲ್ಲಿ ಕರೆಯಲಾಗುವ ದಂತಚಕ್ರವು ಈ ವಿದ್ಯೆಯ ಫಲ.

ಮಂಡ್ಯ ಜಿಲ್ಲೆಯ ಆಲೆಮನೆಗಳಿಗೆ ಇದರ ಬೆಲೆ ಗೊತ್ತು. ಮೋಟಾರಿನ ವೇಗವನ್ನು ತಗ್ಗಿಸಿ ಗಾಣದ ಉರುಳೆಗಳಿಗೆ ಬಲವನ್ನು ಮುಟ್ಟಿಸುವುದು ದಂತಚಕ್ರಗಳೇ. ಒಂದು ಹಲ್ಲು ಮುರಿದರೆ ಗಾಣ ನಿಲ್ಲುತ್ತದೆ. ಕಡಿದ ಕಬ್ಬು ಒಣಗಿ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಆದ್ದರಿಂದ ಊರಿನಲ್ಲಿಯೇ ಚಿಕ್ಕ ಯಂತ್ರಶಾಲೆಯನ್ನು ತೆರೆಯಬಯಸುವ ತರುಣನು ಯಾವ ಉಪಕರಣವನ್ನು ಕೊಳ್ಳಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆ.

ಗಾಣದ ದೊಡ್ಡ ಎರಕದ ಚಕ್ರಗಳನ್ನು ಎರಕದ ಕಾರ್ಖಾನೆಗೆ ಬಿಡುವುದೇ ಲೇಸು. ಮನೆಯ ಯಂತ್ರಶಾಲೆಗೆ ಒಗ್ಗುವುವು ಚಿಕ್ಕ ಪಿನಿಯನ್‌ಗಳು ಹಾಗೂ ಲೇತಿನ ಬದಲಿ ಚಕ್ರಗಳು. ಇವನ್ನು ಕೊರೆಯಲು ಮುಖ್ಯವಾಗಿ ಎರಡು ಮಾರ್ಗಗಳಿವೆ.

ಮೊದಲನೆಯದು ಹಾಬಿಂಗ್. 1897ರಲ್ಲಿ ಜರ್ಮನಿಯ ಹರ್ಮನ್ ಫೌಟರ್ ಇದರ ಯಂತ್ರಕ್ಕೆ ಪೇಟೆಂಟ್ ಪಡೆದನು. ಇದರಲ್ಲಿ ಹಾಬ್ ಎಂಬ ಸುರುಳಿಯಾಕಾರದ ಕಟ್ಟರ್ ಮತ್ತು ಚಕ್ರ ಎರಡೂ ಹೊಂದಿಕೊಂಡು ತಿರುಗುತ್ತವೆ. ಒಂದೇ ಹಾಬ್ ಆ ಮಾಡ್ಯೂಲಿನ, ಎಂದರೆ ಹಲ್ಲಿನ ಆ ಅಳತೆಯ, ಎಷ್ಟೇ ಹಲ್ಲುಗಳ ಚಕ್ರಕ್ಕೂ ಸಲ್ಲುತ್ತದೆ. ಕೆಲಸ ಶೀಘ್ರ ಹಾಗೂ ನಿಖರ. ಆದರೆ ಯಂತ್ರವು ದುಬಾರಿ. ಒಂದೇ ಬಗೆಯ ಚಕ್ರಗಳು ನೂರಾರು ಬೇಕಾದಲ್ಲಿ ಮಾತ್ರ ಅದಕ್ಕೆ ಹಾಕಿದ ಹಣ ಹಿಂದಿರುಗೀತು.

ಎರಡನೆಯದು ಮಿಲ್ಲಿಂಗ್ ಯಂತ್ರಕ್ಕೆ ಡಿವೈಡಿಂಗ್ ಹೆಡ್ ಜೋಡಿಸಿ, ಹಲ್ಲಿನ ಸಂದುಗಳನ್ನು ಒಂದೊಂದಾಗಿ ಕೊರೆಯುವುದು. ಇದು ನಿಧಾನ, ಆದರೆ ಅದೇ ಯಂತ್ರವು ಕೀಲಿಗಾಡಿ ಕೊರೆಯಲು, ಮಟ್ಟಸ ಮಾಡಲು ಸಹ ಬರುತ್ತದೆ. ಬಗೆಬಗೆಯ ಕೆಲಸಗಳು ಒಂದೆರಡರಂತೆ ಬರುವ ಹಳ್ಳಿಯ ಯಂತ್ರಶಾಲೆಗೆ ಇದೇ ಯೋಗ್ಯವಾದುದು. ಹಳೆಯ ಯಂತ್ರವನ್ನು ಕೊಳ್ಳುವಾಗ ಬಣ್ಣವನ್ನು ನೋಡದೆ, ಸ್ಪಿಂಡಲಿನ ಅಲುಗಾಟವನ್ನೂ ಮೇಜಿನ ತಿರುಪಿನ ಸವಕಳಿಯನ್ನೂ ಪರೀಕ್ಷಿಸಬೇಕು. ಮೂರು ಫೇಸಿನ ಮೋಟಾರಿದ್ದರೆ ಮನೆಗೆ ಆ ವಿದ್ಯುತ್ ಉಂಟೇ ಎಂಬುದನ್ನೂ ಮೊದಲೇ ತಿಳಿಯಬೇಕು.

ಹಲ್ಲುಗಳ ಸಂಖ್ಯೆ ಬದಲಾದಂತೆ ಸಂದಿನ ಆಕಾರವೂ ಬದಲಾಗುವುದರಿಂದ ಒಂದೊಂದು ಮಾಡ್ಯೂಲಿಗೆ ಎಂಟು ಕಟ್ಟರ್‌ಗಳಿವೆ. 12–13 ಹಲ್ಲುಗಳಿಗೆ 8ನೆಯದು, 17–20ಕ್ಕೆ 6ನೆಯದು, 35–54ಕ್ಕೆ 3ನೆಯದು; 135ರಿಂದ ಮೇಲಕ್ಕೆ 1ನೆಯದು. ಎಲ್ಲವನ್ನೂ ಒಮ್ಮೆಗೇ ಕೊಳ್ಳುವುದು ಅವಿವೇಕ. ದುರಸ್ತಿಗೆ ಬರುವ ಚಕ್ರಗಳ ಅಳತೆಯನ್ನು ಒಂದು ವರ್ಷ ಪುಸ್ತಕದಲ್ಲಿ ಬರೆದಿಟ್ಟರೆ, ಕೊಳ್ಳಬೇಕಾದುವು ಯಾವುವೆಂಬುದು ತಾನಾಗಿ ತಿಳಿಯುವುದು. ಅಪರೂಪದ ಅಳತೆಗೆ, ಸವೆಯದ ಸಂದಿಗೆ ಸರಿಯಾಗುವಂತೆ ಸಾಣೆ ಹಿಡಿದ ಒಂಟಿ ಹಲ್ಲಿನ ಕಟ್ಟರ್ ಸಾಕು.

ಒಂದು ಉದಾಹರಣೆ: ಮಾಡ್ಯೂಲ್ 3, ಹಲ್ಲುಗಳು 35. ಹಲ್ಲುಗಳ ಸಂಖ್ಯೆಗೆ 2 ಕೂಡಿಸಿ ಮಾಡ್ಯೂಲಿನಿಂದ ಗುಣಿಸಿದರೆ ಚಕ್ರದ ಹೊರವ್ಯಾಸ 111 ಮಿ.ಮೀ. ಸಂದಿನ ಆಳ ಮಾಡ್ಯೂಲಿನ 2.25ರಷ್ಟು, ಎಂದರೆ 6.75 ಮಿ.ಮೀ. ಸಾಮಾನ್ಯ ಡಿವೈಡಿಂಗ್ ಹೆಡ್ಡಿನ ಹಿಡಿಯನ್ನು 40 ಸುತ್ತು ತಿರುಗಿಸಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. 40ನ್ನು 35ರಿಂದ ಭಾಗಿಸಿದರೆ ಒಂದು ಪೂರ್ಣ ಸುತ್ತು ಮತ್ತು ಏಳನೆಯ ಒಂದು ಭಾಗ. ಅಂದರೆ 21 ರಂಧ್ರಗಳ ವೃತ್ತದಲ್ಲಿ ಮೂರು ರಂಧ್ರ. ಗೂಟವಿರುವ ರಂಧ್ರವನ್ನೇ ಒಂದೆಂದು ಎಣಿಸಿದರೆ ಪ್ರತಿ ಸಲವೂ ಒಂದು ರಂಧ್ರ ಕಡಿಮೆಯಾಗಿ, ಕೊನೆಯ ಹಲ್ಲು ದಪ್ಪನಾಗಿ ಉಳಿಯುತ್ತದೆ. ದಿನದ ಶ್ರಮವೆಲ್ಲ ವ್ಯರ್ಥ. ಆದ್ದರಿಂದ ಮೊದಲು ಸುತ್ತಲೂ ತೆಳುಗೆರೆಗಳನ್ನು ಮಾತ್ರ ಮೂಡಿಸಿ ಎಣಿಸಿ ನೋಡಬೇಕು.

ಹಳೆಯ ಯಂತ್ರಗಳ ಚಕ್ರಗಳು ಅಂಗುಲದ ಲೆಕ್ಕದವಾಗಿರಬಹುದು. ಅಂಗುಲದ ಪದ್ಧತಿಯ ಎಂಟರ ಪಿಚ್ಚು 3.175 ಮಾಡ್ಯೂಲಿಗೆ ಸಮ. ಅದನ್ನು ಮೂರೆಂದು ಭ್ರಮಿಸಿ ಕೊರೆದ ಚಕ್ರವು ತನ್ನ ಜೋಡಿಯೊಡನೆ ಹೊಂದದೆ, ಅದನ್ನೂ ಕೆಡಿಸುತ್ತದೆ.

ಸಾಲ ಮಾಡಿ ದೊಡ್ಡ ಯಂತ್ರವನ್ನು ತಂದು ಬಡ್ಡಿಗಾಗಿ ದುಡಿಯುವುದಕ್ಕಿಂತ, ಸದೃಢವಾದ ಒಂದು ಮಿಲ್ಲಿಂಗ್ ಯಂತ್ರ, ಒಳ್ಳೆಯ ಡಿವೈಡಿಂಗ್ ಹೆಡ್, ನಾಲ್ಕಾರು ಕಟ್ಟರ್ ಹಾಗೂ ಒಂದು ವರ್ನಿಯರ್ ಇಷ್ಟರಿಂದ ಆರಂಭಿಸುವುದು ಕ್ಷೇಮಕರ. ಶಾಲೆಯಲ್ಲಿ ಕಲಿತ ಭಿನ್ನರಾಶಿಯ ಲೆಕ್ಕವನ್ನು ಮರೆಯದವನಿಗೆ ಅಷ್ಟು ಸಾಕು; ಅವನ ಊರಿನ ಗಾಣವು ಒಂದು ಚಿಕ್ಕ ಪಿನಿಯನ್ನಿಗಾಗಿ ದಿನಗಟ್ಟಲೆ ನಿಲ್ಲಬೇಕಾಗುವುದಿಲ್ಲ.