ಮಗ್ಗದ ರಟ್ಟು, ಯಂತ್ರದ ಭಾಷೆ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ನೇಕಾರಿಕೆಗೆ ಹೆಸರಾದ ಅವಳಿ ಊರು. ಇಂಥ ಊರುಗಳಲ್ಲಿ ಸೀರೆಯ ಮೇಲೆ ಹೂಬಳ್ಳಿಗಳನ್ನು ಮೂಡಿಸಲು ನೆರವಾಗುವ ಸಾಧನಗಳಲ್ಲಿ ಜಕಾರ್ಡ್ ಎಂಬುದೊಂದು. ಫ್ರಾನ್ಸ್ ದೇಶದ ಜೋಸೆಫ್ ಮಾರಿ ಜಕಾರ್ಡ್ ಎಂಬಾತನು ಇದನ್ನು 1804ರಲ್ಲಿ ರೂಪಿಸಿದನು. ಮಗ್ಗದ ಮೇಲ್ಭಾಗದಲ್ಲಿ ತೂತುಗಳುಳ್ಳ ರಟ್ಟುಗಳ ಸರವೊಂದು ಸುತ್ತುತ್ತಿರುತ್ತದೆ. ತೂತಿರುವೆಡೆ ಸೂಜಿಯು ಒಳಹೋಗುತ್ತದೆ. ಅದಕ್ಕೆ ಸೇರಿದ ಕೊಕ್ಕೆಯು ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದೆಡೆ ಎಳೆಯು ಕೆಳಗೇ ಉಳಿಯುತ್ತದೆ. ಇವುಗಳ ನಡುವೆ ಲಾಳಿ ಹಾಯುತ್ತದೆ. ರಟ್ಟುಗಳನ್ನು ಬದಲಿಸಿದರೆ ಮಗ್ಗ ಅದೇ, ಹೂವು ಬೇರೆ!

ಕೆಲಸ ಮಾಡುವ ಯಂತ್ರವೇ ಬೇರೆ, ಕೆಲಸವನ್ನು ತಿಳಿಸುವ ಆದೇಶವೇ ಬೇರೆ ಎಂಬುದೇ ಇಲ್ಲಿ ಅಡಗಿರುವ ತತ್ತ್ವ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು 1830ರ ದಶಕದಲ್ಲಿ ತಾನು ಕಲ್ಪಿಸಿದ ಗಣಕಯಂತ್ರಕ್ಕೆ ಇಂಥ ರಟ್ಟುಗಳನ್ನೇ ಆರಿಸಿಕೊಂಡನು. ಆ ಯಂತ್ರವು ಪೂರ್ಣಗೊಳ್ಳಲಿಲ್ಲ. ತತ್ತ್ವವು ಮಾತ್ರ ಉಳಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಗಣಕಯಂತ್ರಗಳು ಬಂದಾಗ ಅವುಗಳಿಗೆ ಆದೇಶ ನೀಡಲು ಹಲವು ಭಾಷೆಗಳು ಹುಟ್ಟಿದವು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಸ್ ಎಂಬ ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗೆ ಸುಲಭವಾಗಲೆಂದು 1964ರಲ್ಲಿ ರಚಿಸಿದ ‘ಬೇಸಿಕ್’ ಅವುಗಳಲ್ಲೊಂದು.

1981ರಲ್ಲಿ ‘ಆಸ್ಬರ್ನ್-1’ ಎಂಬ, ಕೈಯಲ್ಲಿ ಹಿಡಿದೊಯ್ಯಬಹುದಾದ ಗಣಕಯಂತ್ರವು ಮಾರಾಟಕ್ಕೆ ಬಂದಿತು. ಇದನ್ನು ಹೊರತಂದ ಆಡಂ ಆಸ್ಬರ್ನ್ ಬಾಲ್ಯವನ್ನು ಕಳೆದುದು ತಮಿಳುನಾಡಿನ ತಿರುವಣ್ಣಾಮಲೈಯಲ್ಲಿ. ಹೊಲಿಗೆಯಂತ್ರದ ಪೆಟ್ಟಿಗೆಯಂತೆ ಹಿಡಿಕೆಯುಳ್ಳ ಇದರ ತೂಕ ಸುಮಾರು 11 ಕಿಲೋಗ್ರಾಂ. ತೆರೆ ಕೇವಲ 5 ಅಂಗುಲ. ಸ್ಮೃತಿಕೋಶ 64 ಕಿಲೋಬೈಟ್.

ಇಂಥ ಹಳೆಯ ಯಂತ್ರದಲ್ಲಿ ಇಂದು ಬೇಸಿಕ್ ಭಾಷೆಯನ್ನು ನಡೆಸುವುದು ಹೇಗೆ? ಮೊದಲು ಅದರ ವಿದ್ಯುತ್ ಭಾಗಗಳನ್ನು ಬಲ್ಲವರು ಪರೀಕ್ಷಿಸಬೇಕು. ಚಾಲನೆಗೊಂಡ ಯಂತ್ರವು ಫ್ಲಾಪಿ ತಟ್ಟೆಯನ್ನು ಇಡುವಂತೆ ಕೇಳುತ್ತದೆ. ತಟ್ಟೆಯಿಂದ ‘ಸಿಪಿ/ಎಂ’ ಎಂಬ ಕಾರ್ಯನಿರ್ವಹಣಾ ವ್ಯವಸ್ಥೆಯು ಸ್ಮೃತಿಕೋಶಕ್ಕೆ ಇಳಿಯುತ್ತದೆ. ಬಳಿಕ ರೋಮನ್ ಅಕ್ಷರಗಳಲ್ಲಿ ‘ಎಂಬೇಸಿಕ್’ ಎಂದು ಬೆರಳಚ್ಚಿಸಿದರೆ, ನಮ್ಮ ಆದೇಶಗಳನ್ನು ಯಂತ್ರಕ್ಕೆ ಅರ್ಥಮಾಡಿಸುವ ‘ದುಭಾಷಿ’ ಸಿದ್ಧವಾಗುತ್ತದೆ. ‘10 ಪ್ರಿಂಟ್ 6*7’ ಎಂದು ಬರೆದು, ‘ರನ್’ ಎಂದು ಅಪ್ಪಣೆ ಕೊಟ್ಟರೆ ತೆರೆಯ ಮೇಲೆ 42 ಮೂಡುತ್ತದೆ. 10 ಎಂಬುದು ಸಾಲಿನ ಸಂಖ್ಯೆ. ರಟ್ಟುಗಳು ಒಂದರ ಹಿಂದೊಂದು ಬರುವಂತೆ ಆದೇಶಗಳೂ ಸಾಲಿನ ಸಂಖ್ಯೆಗೆ ಅನುಸಾರವಾಗಿ ನಡೆಯುತ್ತವೆ.

ಆದರೆ ಫ್ಲಾಪಿಯ ಮೇಲಿನ ಕಾಂತೀಯ ಲೇಪವು ವರ್ಷಗಳು ಕಳೆದಂತೆ ಕ್ಷೀಣಿಸುತ್ತದೆ. ತಟ್ಟೆಯ ಬರಹ ಅಳಿದರೆ, ಯಂತ್ರವು ಸುಸ್ಥಿತಿಯಲ್ಲಿದ್ದರೂ ಮೂಕವಾಗುತ್ತದೆ. ಆದುದರಿಂದ ಆಸಕ್ತರು ಹಳೆಯ ತಟ್ಟೆಗಳ ಬರಹವನ್ನು ಹೊಸ ಗಣಕಯಂತ್ರಗಳಲ್ಲಿ ಪ್ರತಿಮಾಡಿ ಕಾಪಾಡುತ್ತಿದ್ದಾರೆ. ಆ ಪ್ರತಿಯನ್ನು ಮತ್ತೆ ತಟ್ಟೆಗೆ ಇಳಿಸುವಾಗ ಹಳೆಯ ಯಂತ್ರವು ಓದಬಲ್ಲ ಕ್ರಮದಲ್ಲಿಯೇ ಬರೆಯಬೇಕು.

ಮಗ್ಗದ ಮಾತೂ ಹೀಗೆಯೇ. ಚೌಕುಳಿ ಕಾಗದದ ಮೇಲೆ ವಿನ್ಯಾಸವನ್ನು ಬಿಡಿಸಿ, ಅದರಂತೆ ರಟ್ಟಿಗೆ ತೂತು ಹಾಕಬಲ್ಲ ಕುಶಲರು ಇಲ್ಲವಾದರೆ ಮಗ್ಗವು ಹೊಸ ಹೂವನ್ನು ಅರಳಿಸಲಾರದು. ಯಂತ್ರದೊಡನೆ ಅದರ ಭಾಷೆಯನ್ನೂ, ಆ ಭಾಷೆಯನ್ನು ಬಲ್ಲವರ ವಿದ್ಯೆಯನ್ನೂ ಉಳಿಸಿಕೊಳ್ಳುವುದು ಮುಂದಿನ ತಲೆಮಾರಿನ ಹೊಣೆ.

ಅಭ್ಯಾಸ

1. ಜಕಾರ್ಡ್ ಮಗ್ಗದಲ್ಲಿ ರಟ್ಟಿನ ತೂತುಗಳು ಮಾಡುವ ಕೆಲಸವೇನು?
2. ಹಳೆಯ ಗಣಕಯಂತ್ರವು ‘ಮೂಕವಾಗುತ್ತದೆ’ ಎಂಬುದರ ಅರ್ಥವನ್ನು ವಿವರಿಸಿರಿ.
3. ಮಗ್ಗಕ್ಕೂ ಗಣಕಯಂತ್ರಕ್ಕೂ ಇರುವ ಹೋಲಿಕೆಯನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.