ನಲ್ಲಿಯ ನೀರು ಯಾರದ್ದು?

ಮಗಳೇ, ನಿನ್ನ ಕಾದಂಬರಿಯ ಮೂರು ಅಧ್ಯಾಯ ಓದಿ ಮುಗಿಸಿದೆ. ಮುಂಬಯಿ ಮಹಾರಾಷ್ಟ್ರಕ್ಕೆ ಸೇರದೆ ಕೇಂದ್ರಾಡಳಿತಕ್ಕೆ ಒಳಪಟ್ಟಿದ್ದರೆ ನಮ್ಮ ಚೆಂಬೂರು, ಇಲ್ಲಿನ ಕನ್ನಡಿಗರು ಹೇಗಿರುತ್ತಿದ್ದರು ಎಂಬ ನಿನ್ನ ಕಲ್ಪನೆಗೆ ಬುಡವಿದೆ. 1956ರ ಜನವರಿ 16ರಂದು ನೆಹರೂ ರೇಡಿಯೊದಲ್ಲಿ ಸಾರಿದ್ದೇ ಅದನ್ನು. ಊರು ಹೊತ್ತಿ ಉರಿಯಿತು, ಗೋಲಿಬಾರು ಆಯಿತು. ಜುಲೈಯಲ್ಲಿ ಹಣಕಾಸು ಮಂತ್ರಿ ಸಿ. ಡಿ. ದೇಶಮುಖರು ರಾಜೀನಾಮೆ ಕೊಟ್ಟರು. ಆಗಸ್ಟಿನಲ್ಲಿ ಸಂಸತ್ತು ಗುಜರಾತಿಗಳೂ ಮರಾಠಿಗರೂ ಕೂಡಿರುವ ದೊಡ್ಡ ದ್ವಿಭಾಷಾ ಮುಂಬಯಿ ರಾಜ್ಯಕ್ಕೆ ಒಪ್ಪಿತು. ನಿನ್ನ ಕತೆ ಕವಲೊಡೆಯಬೇಕಾದದ್ದು ಆ ಆಗಸ್ಟಿನಲ್ಲಿ. ನೀನು ಜನವರಿಯಲ್ಲೇ ಎಲ್ಲ ಇತ್ಯರ್ಥ ಮಾಡಿಬಿಟ್ಟಿದ್ದೀ. ನಡುವಿನ ಏಳು ತಿಂಗಳ ಸಿಟ್ಟು ಎಲ್ಲಿ ಹೋಯಿತು?

ಜಯಂತ ನಾರ್ಳೀಕರರ ಮರಾಠಿ ಕತೆ ‘ಗಂಗಾಧರಪಂತಾಂಚೆ ಪಾನಿಪತ್’ ಇನ್ನೊಮ್ಮೆ ಓದು. ಅವರು ಬದಲಿಸಿದ್ದು ಒಂದೇ ಒಂದು ಗುಂಡನ್ನು. 1761ರ ಪಾಣಿಪತದಲ್ಲಿ ವಿಶ್ವಾಸರಾಯನನ್ನು ಕೊಂದ ಗುಂಡು ಕತೆಯಲ್ಲಿ ಅವನ ಕಿವಿ ಸವರಿಕೊಂಡು ಹೋಗುತ್ತದೆ, ಅಷ್ಟೇ. ಆಮೇಲೆ ಪುಣೆಯಿಂದ ಬಂದ ಕತಾನಾಯಕ ಪ್ರೊಫೆಸರರು ಇಳಿಯುವ ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಇನ್ನೂ ಕೂತಿದೆ. ಆದರೆ ಏನಾಯಿತೆಂದು ತಿಳಿಯಲು ಅವರು ಹೋಗುವುದು ಟೌನ್ ಹಾಲಿನ ಗ್ರಂಥಾಲಯಕ್ಕೇ, ನಾವಿಬ್ಬರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ ಅದೇ ಕಟ್ಟಡಕ್ಕೆ.

ನೀನು ಮಾತ್ರ ಒಂದು ಬದಲಿಸಿ, ಜೊತೆಗೆ ನಾಲ್ಕನ್ನು ನಿನಗೆ ಬೇಕಾದ ಹಾಗೆ ತಿರುಗಿಸಿಕೊಂಡಿದ್ದೀ. ಶಿವಸೇನೆ ಹುಟ್ಟಲೇ ಇಲ್ಲ, ಉಡುಪಿ ಹೋಟೆಲುಗಳಿಗೆ ಕಲ್ಲು ಬೀಳಲಿಲ್ಲ ಎಂದು ಬರೆದಿದ್ದೀ. ಓದಿ ನನಗೂ ಹಿತವಾಯಿತು, ಸುಳ್ಳು ಹೇಳಲಾರೆ. ಆದರೆ 1960ರಲ್ಲಿ ಸೇನೆಯ ಸ್ಥಾಪಕರ ವಾರಪತ್ರಿಕೆ ‘ಮಾರ್ಮಿಕ’ ಶುರುವಾದಾಗ, 1966ರ ಜೂನ್ 19ರಂದು ಸೇನೆ ಹುಟ್ಟಿದಾಗ, ಹುಡುಗರು ಕೇಳುತ್ತಿದ್ದುದು ಕೆಲಸ. ಆಫೀಸುಗಳಲ್ಲಿ ಮದ್ರಾಸಿಗಳೇ ತುಂಬಿದ್ದಾರೆ ಎಂಬ ದೂರಿನಲ್ಲಿ ನಾವೂ ಮದ್ರಾಸಿಗಳೇ! ಮುಂಬಯಿಯನ್ನು ದಿಲ್ಲಿ ಕಿತ್ತುಕೊಂಡಿದ್ದರೆ ಆ ಸಿಟ್ಟು ಇಮ್ಮಡಿಯಾಗುತ್ತಿತ್ತೇ ಹೊರತು ಆರುತ್ತಿರಲಿಲ್ಲ. ಕಲ್ಲು ಹತ್ತು ವರ್ಷ ಮೊದಲೇ ಬೀಳುತ್ತಿತ್ತು ಅಂತ ನನ್ನ ಲೆಕ್ಕ. ಅದನ್ನು ಬರೆಯಲು ಧೈರ್ಯ ಮಾಡು.

ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ನಿನ್ನ ಕತಾನಾಯಕಿ ಚೆಂಬೂರಿನಲ್ಲಿ ಬೆಳಗಾಗೆದ್ದು ನಲ್ಲಿ ತಿರುಗಿಸುತ್ತಾಳೆ. ಯಾವ ನೀರು ಅದು? ತಾನ್ಸಾ ಕೆರೆ 1892ರದ್ದು, ವೈತರಣಾದ ಮೋಡಕ್ ಸಾಗರ 1957ರದ್ದು. ಎರಡೂ ಆಗಿನ ಠಾಣೆ ಜಿಲ್ಲೆಯವು, ಅಂದರೆ ನಿನ್ನ ಕತೆಯಲ್ಲಿ ಸಿಟ್ಟಾಗಿ ಕೂತಿರುವ ಪಕ್ಕದ ರಾಜ್ಯದವು. ಕಾವೇರಿಯ ಜಗಳ ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವಳ ಚಿಕ್ಕಮ್ಮನನ್ನು ಮುಲುಂಡಿನಲ್ಲಿ ಇರಿಸಿದ್ದೀಯಲ್ಲ, ಮುಲುಂಡು ನಗರದ ಎಲ್ಲೆಯೊಳಗೆ ಬಂದದ್ದೇ 1957ರಲ್ಲಿ. ಆಗಸ್ಟ್ 1956ರಲ್ಲಿ ಗೆರೆ ಎಳೆದರೆ ಚಿಕ್ಕಮ್ಮ ಹೊರರಾಜ್ಯದವಳು! ನಿನ್ನ ಕಾದಂಬರಿ ಇರುವುದು ಇಲ್ಲಿ, ಮಂತ್ರಿಗಳ ಭಾಷಣದಲ್ಲಿ ಅಲ್ಲ. ದಿಲ್ಲಿಗೆ ಈ ಕಡೆ ಯಾಕೆ ಅಷ್ಟು ಆಸೆ ಎಂಬುದಕ್ಕೂ ಕಾರಣ ಹತ್ತಿರದಲ್ಲೇ ಇದೆ: ಅದೇ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಚಾಲೂ ಆಗಿತ್ತು.

ಓದಿದ್ದನ್ನೆಲ್ಲ ಎಲೆಗೆ ಬಡಿಸಬೇಡ. ಎರಡನೇ ಅಧ್ಯಾಯದಲ್ಲಿ ರಾಜ್ಯಗಳ ಮರುವಿಂಗಡಣೆಯ ಆಯೋಗದ ವರದಿಯೇ ನಾಲ್ಕು ಪುಟ ಇದೆ. ಸಾರಿನಲ್ಲಿ ಇಂಗು ಘಮಘಮಿಸಬೇಕು, ಹಲ್ಲಿಗೆ ಸಿಗಬಾರದು. ಆದರೆ ಬಡಿಸಿದ ಸಣ್ಣ ವಿವರವೂ ಸರಿಯಿರಬೇಕು: 1956ರ ಹೋಟೆಲ್ ಬಿಲ್ಲಿನಲ್ಲಿ ನಯಾ ಪೈಸೆ ಬರೆದಿದ್ದೀ. ಅದು ಬಂದದ್ದು 1957ರ ಏಪ್ರಿಲ್ 1ಕ್ಕೆ. ರಾಜ್ಯಗಳ ನಕ್ಷೆಯನ್ನೇ ಬದಲಿಸಿದರೂ ತುಟಿಪಿಟಕ್ಕೆನ್ನದ ಓದುಗ ಆಣೆಯ ಲೆಕ್ಕ ತಪ್ಪಿದರೆ ಪುಸ್ತಕ ಮುಚ್ಚಿಡುತ್ತಾನೆ.

ನಾಲ್ಕನೇ ಅಧ್ಯಾಯ ಈಗಲೇ ಶುರು ಮಾಡಬೇಡ. ಭಾನುವಾರ ಮುಲುಂಡಿನ ಕಡೆ ಹೋಗಿ ತಾನ್ಸಾದ ಆ ದಪ್ಪ ಪೈಪನ್ನು ಕಣ್ಣಾರೆ ನೋಡು, ಪಕ್ಕದಲ್ಲಿ ಸ್ವಲ್ಪ ದೂರ ನಡೆ. ಆಮೇಲೆ ಮನೆಗೆ ಬಾ, ಕೂತು ಮಾತಾಡೋಣ.