ಚೌತಿಗೆ ಮೊದಲು ಮಾಸ್ಟರ್ ಹತ್ತಿರ ಮಾತಾಡಿ

ಪ್ರಶ್ನೆ: ನನಗೆ 36 ವರ್ಷ. ಚಾಮರಾಜಪೇಟೆಯಲ್ಲೇ ಹುಟ್ಟಿ ಬೆಳೆದವನು. ಹಗಲು ಒಂದು ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಸಂಜೆ, ರಜೆ, ಹಬ್ಬ ಎಲ್ಲ ಆರ್ಕೆಸ್ಟ್ರಾಗೆ. ಹದಿನಾಲ್ಕು ವರ್ಷದಿಂದ ಒಂದೇ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೇನೆ. ಗಣೇಶನ ಪೆಂಡಾಲು, ಅಣ್ಣಮ್ಮನ ಉತ್ಸವ, ರಾಜ್ಯೋತ್ಸವ, ಮದುವೆ ರಿಸೆಪ್ಷನ್ ಎಂದು ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ನಾವು ನುಡಿಸದ ಬೀದಿ ಕಡಿಮೆ. ತಂಡ ಕಟ್ಟಿದವರು ನಮ್ಮ ಮಾಸ್ಟರ್. ನನಗೆ ಕೀಬೋರ್ಡ್ ಮೇಲೆ ಕೈ ಇಡಲು ಕಲಿಸಿದವರೂ ಅವರೇ.

ಕೊರೊನಾ ಬಂದ ಎರಡು ವರ್ಷ ಚೌತಿಗೆ ಸ್ಟೇಜೇ ಇರಲಿಲ್ಲ. ನಮ್ಮ ಡೋಲಕ್‌ನವರು ಆಟೊ ಓಡಿಸಲು ಹೋದವರು ವಾಪಸ್ ಬರಲೇ ಇಲ್ಲ. ಈಗ ಪ್ರೋಗ್ರಾಂ ಸಿಗುತ್ತವೆ. ಆದರೆ ಕಮಿಟಿಯವರು, ‘ಇಬ್ಬರು ಸಿಂಗರ್ಸ್ ಲ್ಯಾಪ್‌ಟಾಪ್ ತಂದು ಟ್ರ್ಯಾಕ್ ಹಾಕಿ ಹಾಡಿ ಹೋಗ್ತಾರೆ, ನಿಮಗ್ಯಾಕೆ ಇಷ್ಟು ಕೊಡಬೇಕು?’ ಅನ್ನುತ್ತಾರೆ. ಹೋದ ಚೌತಿಯಲ್ಲಿ ಏಳಕ್ಕೆ ಶುರುವಾಗಬೇಕಿದ್ದ ಪ್ರೋಗ್ರಾಂ, ಗಣ್ಯರು ಬಂದು ಪೇಟ, ಶಾಲು, ಭಾಷಣ ಎಲ್ಲ ಮುಗಿಯುವ ಹೊತ್ತಿಗೆ ಒಂಬತ್ತಾಯಿತು. ಹತ್ತಕ್ಕೆ ಪೊಲೀಸರು ಮೈಕ್ ನಿಲ್ಲಿಸಿದರು. ‘ನೀವು ಹಾಡಿದ್ದೇ ಒಂದು ಗಂಟೆ’ ಎಂದು ಕಮಿಟಿ ಅರ್ಧ ದುಡ್ಡು ಹಿಡಿದುಕೊಂಡಿತು. ಮಾಸ್ಟರ್ ‘ಆಮೇಲೆ ನೋಡೋಣ’ ಅಂದರು. ಹೀಗೇ ಎರಡು ವರ್ಷದಲ್ಲಿ ನನಗೆ ಬರಬೇಕಾದದ್ದು ₹30,000 ಹತ್ತಿರವಾಗಿದೆ. ಕೇಳಲು ಬಾಯಿ ಬರುವುದಿಲ್ಲ.

ತಂದೆ ವಯಲಿನ್ ಕಲಿತವರು, ರಾಮೋತ್ಸವದ ಕಛೇರಿ ಇವತ್ತಿಗೂ ತಪ್ಪಿಸುವುದಿಲ್ಲ. ‘ಇದೂ ಒಂದು ಸಂಗೀತವೇನೋ?’ ಎಂದು ಕೇಳುತ್ತಾರೆ. ಹೆಂಡತಿ ಜಗಳವಾಡುವುದಿಲ್ಲ, ಮಾತು ಕಡಿಮೆ ಮಾಡಿದ್ದಾಳೆ. ಗಿಟಾರ್ ನುಡಿಸುತ್ತಿದ್ದ ಗೆಳೆಯ ನಮ್ಮನ್ನು ಬಿಟ್ಟು ಪಬ್‌ಗಳಲ್ಲಿ ನುಡಿಸುವ ಬ್ಯಾಂಡ್ ಸೇರಿದ್ದಾನೆ, ನನ್ನನ್ನೂ ಕರೆಯುತ್ತಿದ್ದಾನೆ. ಪ್ರೋಗ್ರಾಂ ಮಾರನೆಯ ದಿನ ಕಿವಿಯಲ್ಲಿ ಗುಂಯ್ ಎನ್ನುತ್ತಿರುತ್ತದೆ. ಸಾಕು ಅನ್ನಿಸುತ್ತದೆ. ಆದರೆ ಮೊನ್ನೆ ಒಂದು ರಿಸೆಪ್ಷನ್‌ನಲ್ಲಿ ಮದುಮಗಳ ಅಕ್ಕನ ಮಗಳು, ಏಳೆಂಟು ವರ್ಷದ್ದು, ಹಾಡುತ್ತೇನೆ ಅಂತ ಸ್ಟೇಜ್ ಹತ್ತಿತು. ನಾವು ಕೊಟ್ಟ ಶ್ರುತಿ ಬಿಟ್ಟು ಬೇರೆಲ್ಲೋ ಎತ್ತಿಕೊಂಡಿತು. ಮೊದಲ ಸಾಲು ಮುಗಿಯುವುದರೊಳಗೆ ಟ್ರಾನ್ಸ್‌ಪೋಸ್ ಒತ್ತಿ ಅದರ ಸ್ಕೇಲ್‌ಗೆ ಬಂದುಬಿಟ್ಟೆ. ಮಗುವಿಗೆ ಗೊತ್ತೇ ಆಗಲಿಲ್ಲ. ಅವತ್ತು ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಬಿಡಲೋ, ಇರಲೋ?

- ಕೀಬೋರ್ಡ್ ವಾದಕ, ಚಾಮರಾಜಪೇಟೆ

ಉತ್ತರ: ಕಾಗದದ ಕೊನೆಯಲ್ಲಿ ಆ ಮಗುವಿನ ವಿಷಯ ಬರೆಯದೆ ಇದ್ದಿದ್ದರೆ ‘ಬಿಡಿ’ ಎಂದೇ ಹೇಳುತ್ತಿದ್ದೆ. ಹದಿನಾಲ್ಕು ವರ್ಷ ದುಡಿದ ಮೇಲೂ ಒಂದು ಮಗುವಿನ ಹಾಡು ಕೆಡದಂತೆ ಕಾದದ್ದಕ್ಕೆ ನಿದ್ದೆಗೆಡುವಷ್ಟು ಖುಷಿಯಾಗುತ್ತದೆ ಎಂದರೆ, ನಿಮಗೆ ಸಂಗೀತ ಬೇಜಾರಾಗಿಲ್ಲ. ಹಾಗಾಗಿ ಬಿಡುವ ಪ್ರಶ್ನೆಯನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಮಾಸ್ಟರ್ ಹತ್ತಿರ ದುಡ್ಡಿನ ಮಾತಾಡುವವರೆಗೆ ಅದಕ್ಕೆ ಉತ್ತರ ಸಿಗುವುದಿಲ್ಲ. ಮಾತಾಡದೆ ಬಿಟ್ಟರೆ, ಪಬ್ ಬ್ಯಾಂಡ್‌ಗೆ ಹೋದರೂ ಅಲ್ಲಿಯೂ ನೀವು ಕೇಳದೆ ಕೂರುವವರೇ.

ಹಗಲೆಲ್ಲ ಬೇರೆಯವರ ಲೆಕ್ಕವನ್ನು ಪೈಸೆ ಬಿಡದೆ ನೋಡುವವರು ನೀವು. ವೋಚರ್ ಇಲ್ಲದ ಒಂದು ಖರ್ಚು ನಿಮ್ಮ ಮೇಜು ದಾಟಿ ಹೋಗುವುದಿಲ್ಲ. ಸಂಜೆಯಾದರೆ ಮಾತ್ರ ಸುಮ್ಮನಾಗುತ್ತೀರಿ, ಯಾಕೆಂದರೆ ಎದುರಿಗಿರುವವರು ವಿದ್ಯೆ ಕೊಟ್ಟವರು. ಗುರುವಿನ ಹತ್ತಿರ ದುಡ್ಡು ಕೇಳುವುದು ತಪ್ಪು ಎಂಬ ಭಾವನೆ ನಮ್ಮ ಹಳೆಯ ಬಡಾವಣೆಗಳ ಮನೆಗಳಲ್ಲಿ ಬೆಳೆದ ಎಲ್ಲರಲ್ಲೂ ಇದೆ, ನನ್ನಲ್ಲೂ ಇದೆ. ಅದು ಒಳ್ಳೆಯ ಸಂಸ್ಕಾರವೇ. ಆದರೆ ಎರಡು ವರ್ಷ ಕೇಳದೆ ಇದ್ದುದರ ಫಲ ನೋಡಿ: ಅವರ ಮೇಲೆ ನಿಮಗೆ ಇವತ್ತು ಇರುವುದು ಅರ್ಧ ಗೌರವ, ಇನ್ನರ್ಧ ಅನುಮಾನ. ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂದು ನೀವು ಮನಸ್ಸಿನಲ್ಲಿ ಅಂದುಕೊಂಡಿರಲೂಬಹುದು. ಆ ಗೌರವವನ್ನು ಉಳಿಸಿಕೊಳ್ಳುವುದಕ್ಕಾದರೂ ಲೆಕ್ಕ ಬಾಯಿಬಿಟ್ಟು ಆಡಬೇಕು.

ಮಾಸ್ಟರ್ ಕಡೆಯದನ್ನೂ ಯೋಚಿಸಿ. ಕಮಿಟಿ ಅರ್ಧ ಹಿಡಿದುಕೊಂಡ ದಿನ ಸೌಂಡ್ ಸಿಸ್ಟಮ್‌ನವರು ಅರ್ಧಕ್ಕೆ ಒಪ್ಪಿರುವುದಿಲ್ಲ. ಟೆಂಪೊ ಬಾಡಿಗೆ ಕಡಿಮೆಯಾಗಿರುವುದಿಲ್ಲ. ಹೊರಗಿನಿಂದ ಕರೆಸಿದ ಗಾಯಕಿಗೆ ಕವರ್ ಕೊಡದೆ ಕಳಿಸಲು ಆಗಿರುವುದಿಲ್ಲ. ಇದನ್ನೆಲ್ಲ ಅವರು ಕೈಯಿಂದ ತುಂಬಿ, ‘ಹುಡುಗ ನಮ್ಮವನು, ತಡಕೊಳ್ತಾನೆ’ ಎಂದು ನಿಮ್ಮ ಪಾಲನ್ನು ಮುಂದೆ ಹಾಕುತ್ತ ಬಂದಿರಬಹುದು. ಅಥವಾ ನಿಜವಾಗಿಯೂ ನಿಮ್ಮ ದುಡ್ಡನ್ನು ಹಗುರವಾಗಿ ತೆಗೆದುಕೊಂಡಿರಬಹುದು. ಎರಡರಲ್ಲಿ ಯಾವುದು ಎಂದು ನಿಮಗೆ ಗೊತ್ತಿಲ್ಲ, ಯಾಕೆಂದರೆ ತಂಡದ ಲೆಕ್ಕವನ್ನು ನೀವು ಒಮ್ಮೆಯೂ ನೋಡಿಲ್ಲ.

ಈಗ ಆಷಾಢ. ಮದುವೆಗಳಿಲ್ಲ, ಯಾರಿಗೂ ಅವಸರವಿಲ್ಲ. ಶ್ರಾವಣ ಬಂದರೆ ರಿಸೆಪ್ಷನ್‌ಗಳು, ಆಮೇಲೆ ಚೌತಿ. ನಮ್ಮೂರಲ್ಲಿ ಗಣೇಶ ಒಂದು ದಿನಕ್ಕೆ ಮುಗಿಯುವವನಲ್ಲ, ತಿಂಗಳುಗಟ್ಟಲೆ ಒಂದೊಂದು ಬೀದಿಯಲ್ಲಿ ಕೂರುತ್ತಾನೆ. ಅದು ಮುಗಿಯುವಷ್ಟರಲ್ಲಿ ನವೆಂಬರ್, ಇಡೀ ತಿಂಗಳು ರಾಜ್ಯೋತ್ಸವ. ಮತ್ತೆ ಧನುರ್ಮಾಸಕ್ಕೇ ಪುರುಸೊತ್ತು. ಆದ್ದರಿಂದ ಈ ಆಷಾಢದಲ್ಲೇ ಒಂದು ಭಾನುವಾರ ಬೆಳಿಗ್ಗೆ ಮಾಸ್ಟರ್ ಮನೆಗೆ ಹೋಗಿ. ಫೋನ್ ಬೇಡ, ತಂಡದ ವಾಟ್ಸ್ಯಾಪ್ ಗ್ರೂಪ್ ಅಂತೂ ಬೇಡವೇ ಬೇಡ. ನಾಲ್ಕು ಜನರ ಮುಂದೆ ಕೇಳಿಸಿಕೊಂಡ ಹಿರಿಯರು ಲೆಕ್ಕ ಹೇಳುವುದಿಲ್ಲ, ಸಿಟ್ಟಾಗುತ್ತಾರೆ. ಒಂದು ಹಾಳೆಯಲ್ಲಿ ತಾರೀಖು, ಜಾಗ, ಮಾತಾಡಿದ್ದು ಎಷ್ಟು, ಕೈಗೆ ಬಂದದ್ದು ಎಷ್ಟು ಎಂದು ಬರೆದುಕೊಂಡು ಹೋಗಿ. ‘ಮಾಸ್ಟ್ರೇ, ಇದು ನನ್ನ ನೆನಪಿನ ಲೆಕ್ಕ. ತಪ್ಪಿದ್ದರೆ ತಿದ್ದಿ. ಚೌತಿಗೆ ಮುಂಚೆ ಎಷ್ಟು ಕೊಡಕ್ಕಾಗತ್ತೆ, ಉಳಿದದ್ದು ಯಾವಾಗ ಅಂತ ಹೇಳಿಬಿಡಿ’ ಎನ್ನಿ. ಅಷ್ಟು ಸಾಕು. ಹದಿನಾಲ್ಕು ವರ್ಷದ ದೂರುಗಳನ್ನು ಅವತ್ತೇ ಬಿಚ್ಚಬೇಡಿ.

ಅವರು ದಿನ ಹೇಳಿದರೆ ನಂಬಿ. ದಸರೆ ಕಳೆದರೂ ಒಂದು ಕಂತೂ ಬರದಿದ್ದರೆ ರಾಜ್ಯೋತ್ಸವದ ತಾರೀಖುಗಳನ್ನು ಒಪ್ಪಿಕೊಳ್ಳಬೇಡಿ, ಅದನ್ನೂ ಅವರ ಮುಂದೆಯೇ ಹೇಳಿ. ಒಪ್ಪಿಕೊಂಡ ತಾರೀಖನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬಾರದು. ಕೀಬೋರ್ಡ್ ಇಲ್ಲದೆ ಸ್ಟೇಜ್ ಹತ್ತಿದ ತಂಡದ ಅವಸ್ಥೆ ನಿಮಗೇ ಗೊತ್ತು.

ಮುಂದಿನ ಪ್ರೋಗ್ರಾಂಗಳಿಗೆ ನಿಮ್ಮ ಅಕೌಂಟ್ಸ್ ವಿದ್ಯೆ ತಂಡಕ್ಕೆ ಬರಲಿ. ‘ಲೆಕ್ಕದ ಪುಸ್ತಕ ನಾನು ಬರೆಯುತ್ತೇನೆ ಮಾಸ್ಟ್ರೇ’ ಎಂದು ನೀವೇ ಕೇಳಿ. ತಂಡ ನಡೆಸುವ ಬಹಳ ಜನ ಹಿರಿಯರಿಗೆ ಆ ಹೊರೆ ಇಳಿದರೆ ಸಂತೋಷವೇ. ಬುಕಿಂಗ್ ದಿನ ಅರ್ಧ ಅಡ್ವಾನ್ಸ್, ಉಳಿದರ್ಧ ಮಹಾಮಂಗಳಾರತಿಗೆ ಮುಂಚೆ, ಮೊದಲ ಹಾಡಿಗೂ ಮೊದಲು. ಬಂದ ದುಡ್ಡಿನಲ್ಲಿ ಸೌಂಡು, ಗಾಡಿ ಖರ್ಚು ಮೊದಲು ತೆಗೆದಿಡಬೇಕು. ಫೋನು, ಓಡಾಟ, ವಾದ್ಯಗಳ ರಿಪೇರಿ ಹೊತ್ತ ಮಾಸ್ಟರ್‌ಗೆ ಒಂದು ಪಾಲು ಹೆಚ್ಚು ಸಲ್ಲಬೇಕು, ಅದು ನ್ಯಾಯ. ಉಳಿದದ್ದನ್ನು ಮೊದಲೇ ಒಪ್ಪಿದಂತೆ ಅದೇ ರಾತ್ರಿ, ಟೆಂಪೊ ಹತ್ತುವ ಮುಂಚೆ, ಎಲ್ಲರ ಎದುರಿಗೆ ಹಂಚಬೇಕು.

ಹತ್ತು ಗಂಟೆಯ ವಿಷಯ ಇನ್ನೂ ಮುಖ್ಯ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ನಡುರಾತ್ರಿ 12ರವರೆಗೆ ಮಾತ್ರ ಸಡಿಲಿಸಬಹುದು. ಇದು ಕಮಿಟಿಗೂ ಗೊತ್ತಿರುವ ಗಡುವು. ಸನ್ಮಾನ ಎಳೆದು ಎರಡು ಗಂಟೆ ತಿಂದವರು ಅವರು, ಏಳಕ್ಕೇ ಶ್ರುತಿ ಮಾಡಿ ಸ್ಟೇಜ್ ಪಕ್ಕ ನಿಂತಿದ್ದವರು ನೀವು. ಬುಕಿಂಗ್ ಮಾಡುವಾಗಲೇ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ: ತಂಡ ಹಾಜರಿರುವುದು ಇಷ್ಟರಿಂದ ಇಷ್ಟರವರೆಗೆ, ಸಂಭಾವನೆ ಆ ಹೊತ್ತಿಗೆ, ಕಾರ್ಯಕ್ರಮ ತಡವಾಗಿ ಶುರುವಾದರೂ ಸಂಭಾವನೆ ಕಡಿಮೆಯಾಗುವುದಿಲ್ಲ. ಕೆಳಗೆ ಕಮಿಟಿಯವರ ಸಹಿ. ಇದನ್ನು ಬರೆದುಕೊಡಲು ಒಪ್ಪದವರು ಕೊನೆಗೆ ದುಡ್ಡು ಹಿಡಿಯುವವರೇ ಎಂದು ತಿಳಿದುಕೊಳ್ಳಿ.

ಟ್ರ್ಯಾಕ್ ಹಾಕಿ ಹಾಡುವವರ ಮೇಲೆ ಸಿಟ್ಟು ಬೇಡ, ಅವರದೂ ಹೊಟ್ಟೆಪಾಡು. ಕಮಿಟಿ ‘ನಿಮಗ್ಯಾಕೆ ಇಷ್ಟು?’ ಎಂದಾಗ ಮಾತ್ರ ಆ ಮಗುವಿನ ಪ್ರಸಂಗ ಹೇಳಿ. ಅವತ್ತು ಟ್ರ್ಯಾಕ್ ಹಾಕಿದ್ದರೆ ಅದು ಅದರ ಪಾಡಿಗೆ ಓಡುತ್ತಿತ್ತು, ಮಗು ಮೈಕ್ ಹಿಡಿದು ಅಳುತ್ತ ಇಳಿಯುತ್ತಿತ್ತು. ಮದುವೆ ಮನೆಯವರು, ಬೀದಿಯ ಮಕ್ಕಳು, ಎಂದೂ ಮೈಕ್ ಮುಟ್ಟದ ಅಜ್ಜಂದಿರು ಹಾಡಬೇಕೆಂದರೆ ಅವರ ಹಿಂದೆ ಕಿವಿ ಇರುವ ಮನುಷ್ಯರು ಬೇಕು. ‘ನಿಮ್ಮ ಬೀದಿಯ ಐದು ಜನರ ಕೈಲಿ ಹಾಡಿಸುತ್ತೇವೆ’ ಎಂದು ಮಾಸ್ಟರ್ ಮುಂದಾಗಿ ಹೇಳಿದರೆ ಕೆಲವು ಕಮಿಟಿಗಳಾದರೂ ಲೈವ್ ತಂಡಕ್ಕೆ ದುಡ್ಡು ಹೊಂದಿಸುತ್ತವೆ ಎಂದು ನನ್ನ ನಂಬಿಕೆ.

ತಂದೆಯವರ ಮಾತು ನಿಮ್ಮನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದೆ. ಅವರು ತಪ್ಪಿಸದೆ ಹೋಗುವ ರಾಮೋತ್ಸವವೂ ಚಪ್ಪರದ ಸಂಗೀತವೇ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಚಾಮರಾಜಪೇಟೆಯಲ್ಲಿ ಅದನ್ನು ನಡೆಸುವ ಶ್ರೀ ರಾಮಸೇವಾ ಮಂಡಳಿ ಶುರುಮಾಡಿದಾಗ ದೊಡ್ಡ ಸಭಾಂಗಣ ಹುಡುಕಲಿಲ್ಲ. ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದ ಕೆಳಗೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ಹಾಡು ಕೇಳಿದ್ದು ಇದೇ ಬೀದಿಗಳ ಜನ. ಇನ್ನು ಆರ್ಕೆಸ್ಟ್ರಾದ ವಿಷಯಕ್ಕೆ ಬಂದರೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಸಿನಿಮಾದಲ್ಲಿ ಹೆಸರಾಗುವ ಮುಂಚೆ ಒಂದು ಲಘುಸಂಗೀತ ತಂಡ ನಡೆಸುತ್ತಿದ್ದರು, ಅದರಲ್ಲಿ ಗಿಟಾರ್, ಹಾರ್ಮೋನಿಯಂ ನುಡಿಸುತ್ತಿದ್ದವರು ಇಳೆಯರಾಜ. ಪಿ. ಕಾಳಿಂಗರಾಯರು ಸೋಹನ್‌ಕುಮಾರಿ, ಮೋಹನ್‌ಕುಮಾರಿಯವರ ಜೊತೆ ಊರೂರು ತಿರುಗಿ ಹಾಡಿದ್ದರಿಂದಲೇ ನಮ್ಮ ಕವಿಗಳ ಸಾಲುಗಳು ಮನೆಮನೆಗೆ ಬಂದವು. ಇದನ್ನೆಲ್ಲ ತಂದೆಯವರ ಜೊತೆ ವಾದಕ್ಕೆಂದು ಹೇಳುತ್ತಿಲ್ಲ, ವಾದದಿಂದ ಅವರು ಒಪ್ಪುವುದಿಲ್ಲ. ಈ ಚೌತಿಯಲ್ಲಿ ಹತ್ತಿರದ ಒಂದು ಪ್ರೋಗ್ರಾಂಗೆ ಅವರನ್ನು ಕರೆಯಿರಿ. ಮುಂದಿನ ಸಾಲು ಬೇಡ, ಸ್ಪೀಕರ್‌ನಿಂದ ದೂರ, ನಿಮ್ಮ ಕೈ ಕಾಣುವ ಕಡೆ ಕುರ್ಚಿ ಹಾಕಿಸಿ. ವಯಲಿನ್ ಕಲಿತ ಕಿವಿಗೆ ನೀವು ಸ್ಕೇಲ್ ಬದಲಿಸಿದ್ದು ತಿಳಿಯದೆ ಹೋಗುವುದಿಲ್ಲ.

ಉದ್ಯೋಗ, ಹಾಡು ಎರಡನ್ನೂ ಹೊತ್ತವರು ನಿಮ್ಮ ಪಕ್ಕದಲ್ಲೇ ಇದ್ದರು. ಎನ್.ಆರ್. ಕಾಲೊನಿಯಲ್ಲಿ ಇವತ್ತು ಯಾರ ಹೆಸರಿನ ಕಲಾಭವನವಿದೆಯೋ ಆ ಸಿ. ಅಶ್ವತ್ಥ್ ವರ್ಷಾನುಗಟ್ಟಲೆ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಭಾವಗೀತೆಗಳಿಗೆ ರಾಗ ಹಾಕಿದರು. 2005ರಲ್ಲಿ ಅರಮನೆ ಮೈದಾನದ ‘ಕನ್ನಡವೇ ಸತ್ಯ’ಕ್ಕೆ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದು ಅದಾದ ಎಷ್ಟೋ ವರ್ಷಕ್ಕೆ. ನೌಕರಿ ಬಿಟ್ಟು ಪೂರ್ತಿ ಸಂಗೀತಕ್ಕೆ ಇಳಿಯುವ ಯೋಚನೆ ಇದ್ದರೆ ಈಗ ಬೇಡ. ಸಂಬಳ ಬರುತ್ತಿರುವುದರಿಂದಲೇ ನೀವು ಕಮಿಟಿಯವರ ಮುಂದೆ ‘ಆಗಲ್ಲ’ ಎನ್ನಬಲ್ಲಿರಿ.

ಗೆಳೆಯನ ಬ್ಯಾಂಡ್‌ನಲ್ಲಿ ಒಂದೆರಡು ಸಲ ನುಡಿಸಿ ನೋಡುವುದರಲ್ಲಿ ತಪ್ಪಿಲ್ಲ. ಮೊದಲು ಮಾಸ್ಟರ್‌ಗೆ ತಿಳಿಸಿ ಹೋಗಿ.

ಹೆಂಡತಿಯ ಮೌನದ ಬಗ್ಗೆ ನೀವು ಬರೆದದ್ದು ಒಂದೇ ಸಾಲು. ರಾತ್ರಿ ಎರಡಕ್ಕೆ ಬಾಗಿಲು ತೆಗೆಯುವವರು ಅವರು. ದುಡ್ಡು ಬರುತ್ತಿಲ್ಲ ಎಂಬುದೂ ಅವರಿಗೆ ಗೊತ್ತಿರುತ್ತದೆ, ನೀವು ಹೇಳಿಲ್ಲ ಅಷ್ಟೆ. ಮಾಸ್ಟರ್ ಮನೆಗೆ ಒಯ್ಯುವ ಹಾಳೆಯನ್ನು ಮೊದಲು ಅವರಿಗೆ ತೋರಿಸಿ. ಆಮೇಲೆ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು, ಈ ಸೀಸನ್‌ನಲ್ಲಿ ಯಾವ ದಿನಗಳು ಮನೆಯವು ಎಂದು ಅವರ ಕೈಯಲ್ಲೇ ಗುರುತು ಹಾಕಿಸಿ. ಆ ದಿನಗಳಲ್ಲಿ ಎಷ್ಟೇ ದೊಡ್ಡ ಪ್ರೋಗ್ರಾಂ ಬಂದರೂ ಒಪ್ಪಬೇಡಿ.

ಕಿವಿಯ ವಿಷಯವನ್ನು ಮಾತ್ರ ಮುಂದೆ ಹಾಕುವಂತಿಲ್ಲ. ದಿನಕ್ಕೆ 8 ಗಂಟೆ 85 ಡೆಸಿಬೆಲ್‌ವರೆಗಿನ ಸದ್ದನ್ನು ಕಿವಿ ತಡೆಯಬಹುದೆಂದು ತಜ್ಞರ ಲೆಕ್ಕ. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಹೊತ್ತು ಅರ್ಧವಾಗುತ್ತ ಹೋಗಿ, 100 ಡೆಸಿಬೆಲ್‌ನಲ್ಲಿ 15 ನಿಮಿಷಕ್ಕೆ ಇಳಿಯುತ್ತದೆ. ರಿದಂ ಪ್ಯಾಡ್, ಮಾನಿಟರ್ ಸ್ಪೀಕರ್ ಮಧ್ಯೆ ನೀವು ನಿಲ್ಲುವುದು ಗಂಟೆಗಟ್ಟಲೆ. ಮಾರನೆಯ ದಿನದ ಗುಂಯ್ ಸದ್ದು ಕಿವಿ ಕೊಡುತ್ತಿರುವ ಎಚ್ಚರಿಕೆ, ಒಳಗಿನ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇದೇ ವಾರ ಕಿವಿ, ಮೂಗು, ಗಂಟಲು ತಜ್ಞರಲ್ಲಿ ಹೋಗಿ ಶ್ರವಣ ಪರೀಕ್ಷೆ ಮಾಡಿಸಿ. ಸಂಗೀತಗಾರರಿಗೆಂದೇ ಮಾಡಿದ, ಸ್ವರ ಕೆಡಿಸದೆ ಸದ್ದು ತಗ್ಗಿಸುವ ಇಯರ್‌ಪ್ಲಗ್‌ಗಳು ಸಿಗುತ್ತವೆ, ಅವನ್ನು ಹಾಕಿಕೊಂಡೇ ಸ್ಟೇಜ್ ಹತ್ತಿ. ಮಾನಿಟರ್ ಅನ್ನು ನಿಮ್ಮ ಕಿವಿಗೆ ನೇರವಾಗಿ ಇಡದಂತೆ ಸೌಂಡ್‌ನವರಿಗೆ ಹೇಳಿ.

ಮಾಸ್ಟರ್ ಏನಂದರು, ಡಾಕ್ಟರು ಏನಂದರು, ಎರಡನ್ನೂ ಬರೆಯಿರಿ. ಬಿಡುವುದೋ ಇರುವುದೋ ಎಂಬ ಮಾತನ್ನು ಆಗ ಮುಂದುವರಿಸೋಣ.